ಕಚ್ಚದ ಹುಳು

ಲಾಂಡ್ರಿಯಕ್ಕ ಬೆಡ್‌ಶೀಟಿನ ಗಂಟನ್ನು ತಂದು ಸಾಹೇಬರ ಮೇಜಿನ ಮೇಲೆ ದೊಪ್ಪೆಂದು ಎಸೆದಳು. ಚಹಾದ ಲೋಟ ಅಲುಗಾಡಿತು. ಬಾಗಿಲ ಬಳಿ ನಿಂತಿದ್ದ ಆಪರೇಟರ್, ಅವಳ ಸ್ವಂತ ತಮ್ಮ, "ಅಕ್ಕಾ, ನಿಧಾನ" ಎಂದ. ಅವಳು ಕಿವಿಗೇ ಹಾಕಿಕೊಳ್ಳಲಿಲ್ಲ. ಗಂಟು ಬಿಚ್ಚಿ ಒಂದು ಬೆಡ್‌ಶೀಟನ್ನು ಮೇಜಿನ ತುಂಬ ಹರಡಿದಳು. ಬೆಳ್ಳನೆಯ ಬಟ್ಟೆಯ ಮೇಲೆ ಎಳ್ಳು ಚೆಲ್ಲಿದ ಹಾಗೆ ಕಪ್ಪು ಚುಕ್ಕೆಗಳು.

"ಏನಮ್ಮ ಇದು?"

"ನಿಮ್ಮ ಪ್ಲಾಂಟಿನ ಹುಳ ಸಾರ್. ಸಂಜೆ ದೀಪ ಹಾಕಿ ಇಸ್ತ್ರಿಗೆ ನಿಂತ್ರೆ ಸಾಕು, ದಂಡು ಕಟ್ಕೊಂಡು ಬಂದು ಬೀಳ್ತವೆ. ಪೆಟ್ಟಿಗೆ ಅಡಿ ಸಿಕ್ಕಿ ಬಟ್ಟೆಗೆ ಅಂಟ್ಕೊಳ್ತವೆ. ಆಸ್ಪತ್ರೆಯವ್ರು ಎರಡನೇ ಸಲ ವಾಪಸ್ ಕಳಿಸಿದಾರೆ. ಇನ್ನೊಂದು ಸಲ ಹೀಗಾದ್ರೆ ಬೇರೆಯವ್ರಿಗೆ ಕೊಡ್ತಾರಂತೆ. ನನಗಿರೋದು ಅದೊಂದೇ ಗಿರಾಕಿ."

ಸಾಹೇಬರು ಊರಿನ ಕೊಳಚೆ ನೀರನ್ನು ಶುದ್ಧ ಮಾಡುವ ಪ್ಲಾಂಟಿಗೆ ಮುಖ್ಯಸ್ಥರು. ಬೆರಳ ತುದಿಯಿಂದ ಬೆಡ್‌ಶೀಟಿನ ಅಂಚನ್ನು ಚಹಾದಿಂದ ದೂರ ಸರಿಸಿ ನಕ್ಕರು. "ನೋಡೋಕೆ ಸೊಳ್ಳೆ ಥರ ಇದೆ, ಅಷ್ಟೇ. ಕಚ್ಚಲ್ಲ, ಕಾಯಿಲೆ ತರಲ್ಲ. ಪಾಪದ ಹುಳ ಕಣಮ್ಮ. ನಮ್ಮಲ್ಲೇ ನೋಡಿ, ಒಂದಾದ್ರೂ ಇದ್ಯಾ?"

ಇರಲಿಲ್ಲ, ನಿಜ. ಇರುವುದಾದರೂ ಹೇಗೆ? ಮೇಲಿನವರು ತಪಾಸಣೆಗೆ ಬರುತ್ತಾರೆಂದು ಗೊತ್ತಾದ ದಿನದಿಂದ, ಸಂಜೆಯಾದರೆ ಪ್ಲಾಂಟಿನ ದೀಪಗಳನ್ನೆಲ್ಲ ಆರಿಸಿಬಿಡಿ ಎಂದು ಸಾಹೇಬರ ಅಪ್ಪಣೆಯಾಗಿತ್ತು. ತೊಟ್ಟಿಗಳ ಗೋಡೆಗೆ ಕಟ್ಟಿದ ಲೋಳೆಯಲ್ಲಿ ಕೆಂಪು ಮರಿಹುಳುಗಳು ಹಾಯಾಗಿ ತಿಂದು ಬೆಳೆಯುತ್ತಿದ್ದವು. ಮುಸ್ಸಂಜೆಗೆ ರೆಕ್ಕೆ ಬಂದು ಮೇಲೆದ್ದವುಗಳಿಗೆ ಇಲ್ಲಿ ಬೆಳಕಿಲ್ಲ. ಕಾಂಪೌಂಡಿನ ಆಚೆ, ಲಾಂಡ್ರಿಯಕ್ಕನ ಶೆಡ್ಡಿನಲ್ಲಿ ಬೇಕಾದಷ್ಟಿದೆ. ಹುಳುಗಳ ಕಾಟ ತೀರಿತೆಂದು ಸಾಹೇಬರು ಮೇಲಕ್ಕೆ ತಿಳಿಸಿ ಕೈತೊಳೆದುಕೊಂಡಿದ್ದರು. ಎಂಥ ಜಾಣತನ!

"ಒಂದೊಂದೇ ತೊಟ್ಟಿ ಖಾಲಿ ಮಾಡಿ ಗೋಡೆ ಉಜ್ಜಿ ತೊಳೆದ್ರೆ ಹುಳ ಕಡಿಮೆಯಾಗುತ್ತೆ ಅಂತ ನೀವೇ ಹೇಳಿದ್ರಂತಲ್ಲ ಸಾರ್? ನನ್ನ ತಮ್ಮ ಹೇಳ್ದ."

"ಹೇಳಿದ್ದೆ. ಆದ್ರೆ ತೊಟ್ಟಿ ನಿಲ್ಲಿಸಿದ್ರೆ ಮೇಲಿಂದ ನೂರೆಂಟು ಪ್ರಶ್ನೆ ಬರುತ್ತೆ. ತಪಾಸಣೆ ಮುಗೀಲಿ, ಮಾಡೋಣ. ಅಲ್ಲೀವರೆಗೆ ನೀವೂ ಸಂಜೆ ದೀಪ ಹಾಕ್ಬೇಡಿ."

"ಕತ್ತಲಲ್ಲಿ ಇಸ್ತ್ರಿ ಮಾಡಿ ಕೈ ಸುಟ್ಕೊಳ್ಲಾ?"

"ಅದು ನಿಮ್ಮ ತಾಪತ್ರಯ" ಎಂದು ಸಾಹೇಬರು ಫೋನು ಕೈಗೆತ್ತಿಕೊಂಡರು.

ಗೇಟಿನವರೆಗೂ ತಮ್ಮ ಅವಳ ಬೆನ್ನು ಬಿಡದೆ ಬಂದ. "ನಿನ್ನ ಕಾಲಿಗೆ ಬೀಳ್ತೀನಿ ಅಕ್ಕಾ, ಸುಮ್ನಿರು. ನನ್ನ ಕೆಲಸಕ್ಕೆ ಕಲ್ಲು ಹಾಕ್ಬೇಡ."

"ನಿಂದು ಕೆಲಸ, ನಂದು ಕಸಾನಾ? ಇಷ್ಟು ದಿನ ಸುಮ್ನಿದ್ದಿದ್ದಕ್ಕೇ ತಲೆ ಮೇಲೆ ಹತ್ತಿ ಕೂತಿರೋದು." ಗಂಟನ್ನು ಸೊಂಟಕ್ಕಿಟ್ಟುಕೊಂಡು ಹೊರಟೇಬಿಟ್ಟಳು.

ಅಂದು ಹೊತ್ತು ಮುಳುಗುತ್ತಲೇ ಶೆಡ್ಡಿನ ದೀಪ ಆರಿತು. ಅಂತೂ ಸಾಹೇಬರ ಮಾತು ಕೇಳಿದಳಲ್ಲ ಎಂದು ತಮ್ಮ ನಿರಾಳವಾಗಿ ಉಸಿರು ಬಿಡುವಷ್ಟರಲ್ಲಿ ಫೋನು ಬಂತು. "ನಿನ್ನ ಅಕ್ಕನಿಗೆ ತಲೆ ಕೆಟ್ಟಿದೆಯೇನಯ್ಯ? ಏಣಿ ತಂದು ಇದನ್ನ ಬಿಚ್ಚು! ಥೂ... ಥೂ..." ಸಾಹೇಬರು ಏನನ್ನೋ ಉಗಿಯುತ್ತಿದ್ದರು.

ಅವನು ಏಣಿ ಹೊತ್ತು ಓಡಿದ. ಪ್ಲಾಂಟಿನ ಗೇಟಿಗೆ ಎದುರಾಗಿಯೇ ಸಾಹೇಬರ ಮನೆ. ಮನೆಯ ಮುಂದಿನ ರಸ್ತೆಯಂಚಿನಲ್ಲಿ ಎರಡು ಮರಗಳ ನಡುವೆ ಹಗ್ಗ ಕಟ್ಟಿ, ಆಸ್ಪತ್ರೆ ಬೇಡವೆಂದ ಬೆಡ್‌ಶೀಟನ್ನು ಅಕ್ಕ ಎತ್ತರದಲ್ಲಿ ಹರಡಿದ್ದಳು. ಕರೆಂಟು ಹೋದಾಗ ಹಚ್ಚುವ ಚಾರ್ಜರ್ ಲ್ಯಾಂಪು ಅದರ ಮುಂದೆ ಝಗ್ಗೆಂದು ಬೆಳಗುತ್ತಿತ್ತು. ಪ್ಲಾಂಟಿನಿಂದೆದ್ದ ಹುಳುಗಳ ದಂಡು ಗೇಟು ದಾಟಿ ನೇರ ಅಲ್ಲಿಗೇ ಬಂದಿತ್ತು. ಬಟ್ಟೆಯೆಲ್ಲ ಕಪ್ಪು. ಅಲ್ಲಿ ಜಾಗ ಸಿಗದವು ಸಾಹೇಬರ ವರಾಂಡಕ್ಕೆ, ಕನ್ನಡಕಕ್ಕೆ, ಮೂಗಿಗೆ ಮುತ್ತುತ್ತಿದ್ದವು. ಅಕ್ಕ ಮುಖಕ್ಕೆ ಬಟ್ಟೆ ಕಟ್ಟಿಕೊಂಡು, ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದಳು.

"ಬಿಚ್ಚೋ ಅದನ್ನ!" ಸಾಹೇಬರು ಬಾಗಿಲಿನಿಂದಲೇ ಕೂಗಿದರು. "ನಾಳೆಯಿಂದ ನಿನಗೆ ಕೆಲಸ ಬೇಕೋ ಬೇಡ್ವೋ?"

ಏಣಿಯನ್ನು ಮರಕ್ಕೊರಗಿಸಿ ತಮ್ಮ ಹತ್ತಿದ. ಅಕ್ಕ ಅವನನ್ನೇ ನೋಡಿದಳು. ಅವನ ಕೈ ಹಗ್ಗದ ಗಂಟಿಗೆ ಹೋಯಿತು. ಅಲ್ಲಿಂದ ಬೆಡ್‌ಶೀಟಿನ ಮೇಲ್ತುದಿ ಕಣ್ಣಿಗೆ ಹತ್ತಿರವಿತ್ತು. ಕಲೆ ಹೋಗಲೆಂದು ಅಕ್ಕ ಉಜ್ಜಿ ಉಜ್ಜಿ ಬಟ್ಟೆ ಆಚೆಗಿನದು ಕಾಣುವಷ್ಟು ತೆಳ್ಳಗಾಗಿತ್ತು. ಗಂಟು ಸಡಿಲವಾಗಿತ್ತು. ಅವನು ಅದನ್ನು ಎಳೆದು ಬಿಗಿ ಮಾಡಿದ.

"ಬೇಕು ಸಾರ್" ಎಂದ ಏಣಿಯ ಮೇಲಿಂದಲೇ. "ಬೆಳಿಗ್ಗೆ ಬಂದು ಮೊದಲನೇ ತೊಟ್ಟಿ ಖಾಲಿ ಮಾಡ್ತೀನಿ. ಎಲ್ಲಾ ತೊಟ್ಟಿ ಉಜ್ಜಿ ಮುಗಿಯೋವರೆಗೂ ಇದು ಇಲ್ಲೇ ಇರುತ್ತೆ."

ಸಾಹೇಬರು ಬೈಯಲೆಂದು ಬಾಯಿ ತೆರೆದರು. ತೆರೆದ ಬಾಯಿಗೆ ಹುಳು ಹೊಕ್ಕಿತು. ಕೆಮ್ಮುತ್ತ ಒಳಗೆ ಸರಿದು ಬಾಗಿಲು ಎಳೆದುಕೊಳ್ಳತೊಡಗಿದರು.

"ಅಯ್ಯೋ, ಬಾಗಿಲು ಯಾಕೆ ಹಾಕ್ತೀರಿ ಸಾರ್?" ಅಕ್ಕ ರಸ್ತೆಗೆಲ್ಲ ಕೇಳುವಂತೆ ಕೂಗಿದಳು. "ಪಾಪದ ಹುಳ, ಕಚ್ಚಲ್ಲ!"