ಎಲ್ಲ ಬರೆದಿಟ್ಟುಕೊಳ್ಳುವ ಕರ್ನಲ್

"ಈ ಸಲ ಗೊತ್ತಾಗಿಬಿಡುತ್ತೆ," ಎಂದರು ಕಂಪನಿಯ ಯಜಮಾನರು. "ತಪ್ಪು ಕರ್ನಲ್‌ದಾದ್ರೆ, ಬರೆದವರು ಮನೆಗೆ. ಅಷ್ಟೇ."

ಬರೆದವರು ಎದುರಿಗೇ ಕೂತಿದ್ದರು. ಯಾವ ಮಾತನ್ನೂ ಎರಡೆರಡು ಸಲ ಹೇಳುವ ಅಭ್ಯಾಸದಿಂದಾಗಿ ಅವರಿಗೆ ಮೇಷ್ಟ್ರು ಎಂದೇ ಹೆಸರು ನಿಂತಿತ್ತು. ಬಸ್ ನಿಲ್ದಾಣದ ಟಿಕೆಟ್ ಯಂತ್ರಗಳಿಗೆ ಕರ್ನಲ್ ಬರೆದದ್ದು ಅವರೇ. ಯಂತ್ರದೊಳಗಿನ ಮಿಕ್ಕ ತಂತ್ರಾಂಶವನ್ನೆಲ್ಲ ಹೊತ್ತು ನಿಲ್ಲುವ ಬುಡ ಅದು. ಆ ಬುಡವೇ ಈಗ ಅಲ್ಲಾಡುತ್ತಿತ್ತು. ಕೌಂಟರಿನ ಮುಂದೆ ಸಾಲು ಬೆಳೆದು, ಟಿಕೆಟ್ ಕೊಡುತ್ತಿದ್ದ ಹಾಗೇ ಯಂತ್ರ ಕಣ್ಣು ಮುಚ್ಚುತ್ತಿತ್ತು. ಯಾಕೆಂದು ಬಿಚ್ಚಿ ನೋಡಿದರೆ ತುಟಿಪಿಟಿಕ್ ಅನ್ನುತ್ತಿರಲಿಲ್ಲ. ನಿಂತ ಯಂತ್ರವನ್ನು ಕಂಪನಿಯವರು ಬರುವತನಕ ಯಾರೂ ಮುಟ್ಟಬಾರದೆಂಬ ಕರಾರು ಬೇರೆ. ಹಾಗಾಗಿ ಪ್ರತಿ ಸಲವೂ ಕೌಂಟರಿಗೆ 'ಮುಚ್ಚಿದೆ' ಎಂಬ ಫಲಕ, ಸಾಲಿನವರಿಗೆ ಸಿಟ್ಟು, ಕಂಪನಿಗೆ ಬೈಗುಳ.

ಮೇಷ್ಟ್ರು ಒಂದು ಪೆನ್‌ಡ್ರೈವನ್ನು ಲಕೋಟೆಗೆ ಹಾಕಿ, ಬಾಯಿ ಅಂಟಿಸಿ, ಅಂಟಿನ ಮೇಲೆ ಅಡ್ಡಲಾಗಿ ಸಹಿ ಎಳೆದರು. ತಪ್ಪು ಹುಡುಕಲೆಂದೇ ಮಾಡಿದ ಡೀಬಗ್ ಬಿಲ್ಡ್ ಹಂಚುವಾಗ ಅದು ಅವರ ಪದ್ಧತಿ. ಕರ್ನಲ್‌ನ ಹೊಟ್ಟೆಯೊಳಗಿನದೆಲ್ಲ ಅದರಲ್ಲಿ ಬಿಚ್ಚಿಟ್ಟಿರುತ್ತದೆ. ದಾರಿಯಲ್ಲಿ ಕಂಡವರ ಕೈಗೆ ಬೀಳಬಾರದು.

"ಇದು ಮಾಮೂಲಿ ಕರ್ನಲ್ ಅಲ್ಲಮ್ಮ. ತಾನು ಮಾಡಿದ್ದು, ತನಗೆ ಮಾಡಿದ್ದು, ಎಲ್ಲಾ ಬರ್ಕೊಳುತ್ತೆ. ಅದಕ್ಕೇ ದಪ್ಪ, ಅದಕ್ಕೇ ನಿಧಾನ. ಯಂತ್ರಕ್ಕೆ ಹಾಕೋಕೇ ಒಂದು ಊಟದ ಹೊತ್ತು ಹಿಡಿಯುತ್ತೆ," ಎಂದರು. ಆಮೇಲೆ ಅದನ್ನೇ ಇನ್ನೊಮ್ಮೆ ಹೇಳಿದರು.

ಅದನ್ನು ಕೌಂಟರುಗಳಿಗೆ ಹಾಕಿ ಬರಬೇಕಿದ್ದ ಹುಡುಗಿ ಎರಡೂ ಸಲ ತಲೆಯಾಡಿಸಿ ಲಕೋಟೆಯನ್ನು ಚೀಲಕ್ಕೆ ಸೇರಿಸಿದಳು. ಓದು ಮುಗಿಸಿ ಬಂದು ಕೆಲಸಕ್ಕೆ ಸೇರಿದಾಗಿನಿಂದ ಅವಳ ದನಿ ಕೇಳಿದವರು ಕಡಿಮೆ. ಎಲ್ಲರ ಬಾಯಲ್ಲೂ ಅವಳು ಮೌನಗೌರಿ. 'ಯಾಕಮ್ಮ ಮಾತೇ ಆಡಲ್ಲ' ಎಂದು ಒಮ್ಮೆಯೂ ಕೇಳದಿದ್ದವರು ಮೇಷ್ಟ್ರೊಬ್ಬರೇ. ಆ ಉಪಕಾರ ಅವಳಿಗೆ ಮರೆತಿರಲಿಲ್ಲ.

ಮೊದಲನೇ ಕೌಂಟರಿನಲ್ಲಿದ್ದದ್ದು ದಪ್ಪ ಕನ್ನಡಕದ ಅಕ್ಕ. ನಿಲ್ದಾಣದ ಕೌಂಟರುಗಳಿಗೆಲ್ಲ ಅವರೇ ಹಿರಿಯರು. ಅವರು ಕೆಮ್ಮಿದರೆ ಮಿಕ್ಕವರಿಗೆ ನೆಗಡಿ. ಯಂತ್ರವಿದ್ದದ್ದು ಮೇಜಿನ ಕೆಳಗೆ. ಹುಡುಗಿ ಮಂಡಿಯೂರಿ ಒಳಗೆ ತೂರಿದಳು. ಪೆಟ್ಟಿಗೆಯ ಮೇಲೆ ಬೆರಳಿನಲ್ಲಿ ಹೆಸರು ಬರೆಯುವಷ್ಟು ಧೂಳು. ಬದಿಯ ಆನ್-ಆಫ್ ಸ್ವಿಚ್ ಮಾತ್ರ ತಿಕ್ಕಿ ತೊಳೆದ ಹಾಗೆ ತಳತಳ ಹೊಳೆಯುತ್ತಿತ್ತು.

ಅವಳು ಚೀಲಕ್ಕೆ ಕೈ ಹಾಕಿದಳು. ಒಂದಿಷ್ಟು ಹೊತ್ತು ಹಾಗೇ ಕೂತಳು. ಆಮೇಲೆ ಪೆನ್‌ಡ್ರೈವ್ ತೆಗೆದು ಚುಚ್ಚಿದಳು. ದೀಪ ಮಿಣುಕಿತು. ಸಾಲಿನ ಮೊದಲನೆಯವನು ಜೇಬಿನಲ್ಲಿ ಚಿಲ್ಲರೆ ಹುಡುಕಿ ಮುಗಿಸುವುದರೊಳಗೆ ಕೆಲಸ ಮುಗಿದಿತ್ತು.

ಮೇಲೆದ್ದ ಮೌನಗೌರಿ, ಯಾರೂ ಕೇಳದೆಯೇ ಬಾಯಿ ಬಿಟ್ಟಳು.

"ಅಕ್ಕಾ, ಡೀಬಗ್ ಕರ್ನಲ್ ಅಂತ ಒಂದಿದೆ. ಎಲ್ಲಾ ಬರ್ಕೊಳುತ್ತೆ."

"ಎಲ್ಲಾ ಅಂದ್ರೆ?"

"ಏನಾಯ್ತು, ಯಾವಾಗ ಆಯ್ತು, ಯಾರಿಂದ ಆಯ್ತು. ಎಲ್ಲಾ."

ಅಕ್ಕ ಮೇಜಿನ ಕೆಳಗೆ ಚಾಚಿದ್ದ ಕಾಲನ್ನು ಹಿಂದಕ್ಕೆಳೆದುಕೊಂಡು ನೆಟ್ಟಗೆ ಕೂತರು. "ಬರ್ಕೊಳ್ಲಿ ಬಿಡೇ. ನಮಗೇನಂತೆ? ಕೆಟ್ಟಿರೋದು ನಿಮ್ಮ ಯಂತ್ರ ತಾನೇ?"

"ಹೂಂ ಅಕ್ಕಾ."

ಮಿಕ್ಕ ಕೌಂಟರುಗಳಲ್ಲೂ ಅದೇ ದೀಪ, ಅದೇ ಮಾತು. ಕಾಲೇಜಿನ ಮೌಖಿಕ ಪರೀಕ್ಷೆಯಲ್ಲೂ ಅವಳು ಅಷ್ಟು ಮಾತಾಡಿರಲಿಲ್ಲ. ಆಫೀಸಿಗೆ ಮರಳಿದಾಗ ಯಜಮಾನರು, "ಎಲ್ಲಾ ಕೌಂಟರಿಗೂ ಹೋಗಿದ್ಯಾ?" ಎಂದು ಕೇಳಿದರು. ತಲೆಯಾಡಿಸಿದಳು.

ವಾರ ಕಳೆಯಿತು. ಒಂದು ಯಂತ್ರವೂ ನಿಲ್ಲಲಿಲ್ಲ.

ದೂರುಗಳೇನೋ ಬಂದವು. ಮುಂಚೆ ಕುದುರೆ ಥರ ಓಡ್ತಿತ್ತು, ಈಗ ಬಸವನಹುಳು ಎಂದು ಒಬ್ಬರು ಫೋನ್ ಮಾಡಿದರು. ಬಿಸಿಯಾಗುತ್ತೆ ಎಂದು ಇನ್ನೊಬ್ಬರು. ಹುಡುಗಿ ಒಮ್ಮೆ ಹೋಗಿ ನೋಡಿದಾಗ, ಕನ್ನಡಕದ ಅಕ್ಕ ಯಂತ್ರದತ್ತ ಗುರಾಯಿಸುತ್ತ ಕೂತಿದ್ದರು.

"ವಾರದಿಂದ ಬಿಸಿಬಿಸಿ ಟೀ ಕುಡಿದಿಲ್ಲ ಕಣೆ. ಹಾಳಾದ್ದು, ನಿಲ್ಲೋದೇ ಇಲ್ಲ."

"ಒಳ್ಳೇದೇ ಅಲ್ವಾ ಅಕ್ಕಾ?"

"ಒಳ್ಳೇದೇ," ಎಂದರು ಅಕ್ಕ, ಹಲ್ಲುನೋವು ಬಂದವರ ಹಾಗೆ.

ಅದೇ ಸಂಜೆ ಯಜಮಾನರು ಮೇಷ್ಟ್ರನ್ನು ಕರೆಸಿದರು. "ಹಳೇ ಕರ್ನಲ್ ನಿಲ್ತಿತ್ತು. ಡೀಬಗ್ ಹಾಕಿದ ಮೇಲೆ ನಿಂತಿಲ್ಲ. ಅಂದ್ರೆ ಹಳೇದೇ ಕೆಟ್ಟಿತ್ತು ಅಂತ ಆಯ್ತಲ್ಲ?"

ಮೇಷ್ಟ್ರು ವಾದಿಸಲಿಲ್ಲ. "ಆಯ್ತು. ಒಳಗೆಲ್ಲೋ ಎರಡು ಕೆಲಸ ಅವಸರದಲ್ಲಿ ಒಂದರ ಕಾಲು ಇನ್ನೊಂದು ತುಳೀತಿವೆ. ಡೀಬಗ್ ಬಿಲ್ಡ್ ನಿಧಾನ, ಹಾಗಾಗಿ ತುಳಿಯಲ್ಲ. ತಪ್ಪು ನನ್ನದೇ."

ಈ ಮಾತನ್ನು ಮಾತ್ರ ಒಂದೇ ಸಲ ಹೇಳಿದರು. ಆಮೇಲೆ ತಮ್ಮ ಮೇಜಿಗೆ ಹೋಗಿ, ಟೀ ಕುಡಿಯುವ ಲೋಟವನ್ನು ಹಳೇ ಪೇಪರಿನಲ್ಲಿ ಸುತ್ತತೊಡಗಿದರು. ಯಜಮಾನರು ಹಿಂದೆಯೇ ಬಂದು, ಆಫೀಸಿನ ಬೀಗದಕೈಗಾಗಿ ಕೈ ಚಾಚಿ ನಿಂತರು.

"ಸರ್."

ಇಬ್ಬರೂ ತಿರುಗಿದರು. ಯಾರ ದನಿಯೆಂದು ಇಬ್ಬರಿಗೂ ತಕ್ಷಣ ತಿಳಿಯಲಿಲ್ಲ. ವಾರವಿಡೀ ಬಾಯೊಳಗೆ ಹೊರಳಿಸಿದ್ದ ಮಾತು ಅಷ್ಟಕ್ಕೇ ನಿಂತುಹೋಯಿತು. ಹುಡುಗಿ ಮಾತು ಬಿಟ್ಟು ಚೀಲ ತೆರೆದಳು. ಲಕೋಟೆಯನ್ನು ಮೇಜಿನ ಮೇಲಿಟ್ಟಳು. ಅಂಟು ಅಂಟಿದಂತೆಯೇ ಇತ್ತು. ಅದರ ಮೇಲೆ ಮೇಷ್ಟ್ರ ಸಹಿ ಒಂದು ಕೂದಲೆಳೆಯಷ್ಟೂ ಮುರಿದಿರಲಿಲ್ಲ.

ಯಜಮಾನರು ಲಕೋಟೆಯನ್ನು ತಿರುಗಿಸಿ ಮುರುಗಿಸಿ ನೋಡಿದರು. "ಹಾಗಾದ್ರೆ ಅಲ್ಲಿ ಓಡ್ತಿರೋದು?"

"ಹಳೇದೇ, ಸರ್."

ಮೇಷ್ಟ್ರು ಲೋಟದ ಪೇಪರ್ ಬಿಚ್ಚತೊಡಗಿದರು.

"ಮತ್ತೆ ನೀನು ಚುಚ್ಚಿದ ಆ ಪೆನ್‌ಡ್ರೈವು?"

"ನಮ್ಮಣ್ಣನ ಮಗಳ ಫೋಟೋ ಸರ್. ಮೊದಲನೇ ಹಲ್ಲು ಬಂದಾಗ ತೆಗೆದಿದ್ದು."