ಎಲ್ಲಿಂದ ಬಂತು

ಹೆಪಟೈಟಿಸ್ ಸಿ ಎಂದು ವರದಿ ಬಂದ ದಿನವೇ ಪುಟ್ಟಸ್ವಾಮಿ ಹೆಂಡತಿ ಜಯಶೀಲಾಳ ಹಾಸಿಗೆಯನ್ನು ವರಾಂಡಕ್ಕೆ ಎಸೆದ. ಸುಸ್ತಾಗಿ ಹಗಲಲ್ಲಿ ಮಲಗಿದರೆ ನಾಟಕ ಎಂದ. ಅತ್ತರೆ, "ತಪ್ಪು ಮಾಡಿದೋಳೇ ಅಳೋದು" ಎಂದ. ಎದ್ದರೆ ಕೂತರೆ ಅವನದು ಒಂದೇ ಮಾತು: "ಯಾವನ ಸಹವಾಸ ಮಾಡಿದ್ದೆ, ಹೇಳು."

ಮೂರು ತಿಂಗಳಲ್ಲಿ ಅವಳಿಗೆ ಊಟ ಸೇರದಾಯಿತು. ನಿದ್ದೆ ಬಿಟ್ಟುಹೋಯಿತು. ಒಂದು ದಿನ ಬಾವಿಯ ಹತ್ತಿರ ಸುಮ್ಮನೆ ನಿಂತಿದ್ದವಳನ್ನು ಕಂಡು ಮಗಳು ಹೆದರಿ, ಅಪ್ಪ ಅಮ್ಮ ಇಬ್ಬರನ್ನೂ ಆಸ್ಪತ್ರೆಗೆ ಕರೆದುಕೊಂಡು ಹೋದಳು.

ಡಾಕ್ಟರ ಮುಂದೆಯೂ ಪುಟ್ಟಸ್ವಾಮಿ ಕೂಗಾಡಿದ. "ನನ್ನ ಮರ್ಯಾದೆ ತೆಗೆದ್ಲು ಸಾರ್. ಈ ಕಾಯಿಲೆ ಎಲ್ಲಿಂದ ತಂದ್ಲು ಅಂತ ನೀವೇ ಕೇಳಿ."

"ಇದು ಹೆಚ್ಚಾಗಿ ರಕ್ತದಿಂದ ಬರುತ್ತೆ," ಎಂದ ಡಾಕ್ಟರು ಜಯಶೀಲಾಳತ್ತ ತಿರುಗಿದರು. "ಯಾವಾಗಾದ್ರೂ ರಕ್ತ ಹಾಕಿಸ್ಕೊಂಡಿದ್ರಾಮ್ಮ?"

"ಒಂದೇ ಸಲ. ಮೂವತ್ತು ವರ್ಷದ ಹಿಂದೆ, ಇವಳು ಹುಟ್ಟಿದಾಗ."

"ಆಗೆಲ್ಲ ಈ ವೈರಸ್ ಇದೆಯಾ ಅಂತ ನೋಡ್ತಾನೇ ಇರ್ಲಿಲ್ಲ. ರಕ್ತ ಕೊಟ್ಟೋರಿಗೂ ಗೊತ್ತಿರಲ್ಲ, ಅವರಿಗೂ ಪರೀಕ್ಷೆ ಮಾಡಿಸ್ಬೇಕು. ಯಾರು ಕೊಟ್ಟಿದ್ದು, ನೆನಪಿದ್ಯಾ?"

ಪುಟ್ಟಸ್ವಾಮಿ ಕುರ್ಚಿಯಿಂದ ಎದ್ದ.

ಜಯಶೀಲಾ ಅವನ ತೋಳು ಹಿಡಿದು ಕೂರಿಸಿದಳು. "ಇವರೇ ಸಾರ್."