ಕುಣಿಗಲ್‌ಗೆ ಹೊರಟ ಬೊಂಬೆಗಳು

“ಅಲ್ಲಾಡ್ತಾವ್ರೆ ಮೇಸ್ತ್ರಿ, ನಿಮ್ ಜನ ಅಲ್ಲಾಡ್ತಾವ್ರೆ!”

ವೆಂಕಟರಂಗಯ್ಯನವರು ಮರದ ರೈಲಿನ ಬೋಗಿಗೆ ಬೆರಳಲ್ಲೊಂದು ಏಟು ಕೊಟ್ಟರು. ಕಿಟಕಿ ಪಕ್ಕ ಕೂತಿದ್ದ ಹೆಬ್ಬೆರಳುದ್ದದ ಹೆಂಗಸು ಗಂಟಿನ ಸಮೇತ ಮುಗ್ಗರಿಸಿದಳು.

ಮಹಾಲಿಂಗಯ್ಯನಿಗೆ ಸಂಕಟವಾಯಿತು. ಅದು ಅವನ ಹೆಂಡತಿ ಹೊಂಬಾಳಮ್ಮನ ಬೊಂಬೆ. ಅಸಲಿ ಹೊಂಬಾಳಮ್ಮ ರೈಲಿನಲ್ಲಾದರೆ ಚುರುಮುರಿ ತಿನ್ನುತ್ತಾ ತವರೂರು ಗುಬ್ಬಿಗೆ ಹೋಗಿಬರುವವಳು. ಬಸ್ಸು ಹತ್ತಿದರೆ ಮಾತ್ರ ಹೆಬ್ಬೂರು ಬರುವುದಕ್ಕೂ ಮುಂಚೆ ವಾಂತಿ. ಮಗಳನ್ನು ಕೊಟ್ಟಿದ್ದು ರೈಲಿಲ್ಲದ ಕುಣಿಗಲ್‌ಗೆ. ಮೊಮ್ಮಗಳಿಗೆ ವರ್ಷ ತುಂಬಿದರೂ ಅಜ್ಜಿ ನೋಡಿದ್ದು ಎರಡೇ ಸಲ.

ಅದಕ್ಕೇ ತುಮಕೂರಿನ ಅಂತರಸನಹಳ್ಳಿಯ ಕಾರ್ಖಾನೆಯಲ್ಲಿ ಲೇತು ತಿರುಗಿಸುವ ಮಹಾಲಿಂಗಯ್ಯ ಮೂರು ತಿಂಗಳಿಂದ ಬಿಟ್ಟಿಯಾಗಿ ಈ ರೈಲು ಮಾಡುತ್ತಿದ್ದ. ಎಂಬತ್ತಮೂರನೇ ಇಸವಿ. ರೈಲು ಹಾಕುವ ದೊಡ್ಡ ಅಧಿಕಾರಿ ಕುಣಿಗಲ್‌ಗೆ ಬರುವವರಿದ್ದರು. ಅವರಿಗೆ ತೋರಿಸಿ ಮನಸ್ಸು ಕರಗಿಸಬೇಕೆಂಬುದು ರೈಲು ಹೋರಾಟ ಸಮಿತಿಯ ಯೋಜನೆ.

ಸಮಿತಿಯ ಅಧ್ಯಕ್ಷರು ಕುಣಿಗಲ್‌ನ ವೆಂಕಟರಂಗಯ್ಯನವರು. ರೈಲಿನ ಬಗ್ಗೆ ಅವರಷ್ಟು ಕಣ್ಣೀರು ಸುರಿಸಿದವರು ತಾಲ್ಲೂಕಿನಲ್ಲಿ ಇನ್ನೊಬ್ಬರಿಲ್ಲ. ವಾರಕ್ಕೊಮ್ಮೆ ಬೆಳಗಿನ ಬಸ್ಸಿನ ಮುಂದಿನ ಸೀಟಿನಿಂದ ತುಮಕೂರಿನಲ್ಲಿ ಇಳಿಯುತ್ತಿದ್ದರು. ಕಂಡಕ್ಟರ್ ಅವರನ್ನು ಟಿಕೆಟ್ ಕೇಳುತ್ತಿರಲಿಲ್ಲ, ಬಾಗಿಲು ತೆಗೆದು ಕೈ ಮುಗಿಯುತ್ತಿದ್ದ. ಹೋರಾಟಗಾರರೆಂದರೆ ಬಸ್ಸಿನವರಿಗೂ ಎಷ್ಟು ಗೌರವ ಎಂದು ಮಹಾಲಿಂಗಯ್ಯ ಹಿಗ್ಗಿದ್ದ.

“ಸಾಮಿ, ಬೊಂಬೆ ತಳಕ್ಕೆ ಮೊಳೆ ಕೊಟ್ಟಿದೀನಿ, ಸೀಟಲ್ಲಿ ತೂತು ಐತೆ. ಬೇಕಂದಾಗ ಎತ್ಬೋದು. ಜನ ಅಂದ್ಮೇಲೆ ಇಳೀಬೇಕಲ್ವಾ?”

“ಇಳ್ಸೋದು ಆಮ್ಯಾಕೆ. ದೊಡ್ಡೋರ ಮುಂದೆ ಒಬ್ಬ ಬಿದ್ರೂ ನಮ್ಮೂರ ಮಾನ ಹೋಯ್ತದೆ. ಕೆಳಗಿಂದ ಸ್ಕ್ರೂ ಬಿಗೀರಿ. ಮರವಜ್ರ ಕಾಯ್ಸಿ ಅಂಟ್ಸಿ. ಒಬ್ಬನೂ ಮಿಸುಕಬಾರ್ದು.”

ಊರಿನ ಮಾನದ ಪ್ರಶ್ನೆ. ಮಹಾಲಿಂಗಯ್ಯ ಇಪ್ಪತ್ತನಾಲ್ಕು ಜನಕ್ಕೂ ಸ್ಕ್ರೂ ಬಿಗಿದ, ಅಂಟು ಹಾಕಿದ. ಹೆಂಡತಿಗೆ ಎರಡು ಸ್ಕ್ರೂ.

ಕುಣಿಗಲ್‌ನ ಪ್ರವಾಸಿ ಬಂಗಲೆಯಲ್ಲಿ, ಅಧಿಕಾರಿ ಸಾಹೇಬರ ಮುಂದಿನ ಮೇಜಿನ ಮೇಲೆ ರೈಲು ರಟ್ಟಿನ ತುಮಕೂರು ಬಿಟ್ಟು ರಟ್ಟಿನ ಕುಣಿಗಲ್ ತಲುಪಿತು. ಒಬ್ಬರೂ ಮಿಸುಕಲಿಲ್ಲ. ಎಲ್ಲರೂ ಚಪ್ಪಾಳೆ ತಟ್ಟಿದರು. ವೆಂಕಟರಂಗಯ್ಯನವರು ಬೋಗಿಯ ಮುಚ್ಚಳ ತೆಗೆದು ಕೈ ಮುಗಿದರು.

“ಸಾರ್, ನಮ್ ಜನಾನ ತಮ್ಮ ಕೈಯಾರೆ ಕುಣಿಗಲ್‌ನಲ್ಲಿ ಇಳಿಸ್ಬೇಕು.”

ಸಾಹೇಬರು ಹೊಂಬಾಳಮ್ಮನನ್ನು ಹಿಡಿದು ಎಳೆದರು. ಗಂಟು ಕಿತ್ತು ಬಂತು, ಹೊಂಬಾಳಮ್ಮ ಬರಲಿಲ್ಲ. ಇನ್ನೊಬ್ಬನನ್ನು ಎಳೆದರು. ಬೋಗಿಯೇ ಹಳಿ ಬಿಟ್ಟು ಮೇಲೆ ಬಂತು.

“ಏನ್ರೀ ಇದು, ಕುಣಿಗಲ್‌ನಲ್ಲಿ ಯಾರೂ ಇಳಿಯೋದೇ ಇಲ್ವಲ್ರೀ! ಮತ್ತೆ ಸ್ಟೇಷನ್ ಯಾರಿಗೆ?”

ಸಾಹೇಬರು ನಕ್ಕರು. ಅವರು ನಕ್ಕಾಗ ನಗಲೆಂದೇ ಬಂದಿದ್ದ ನಾಲ್ವರೂ ನಕ್ಕರು. ಎಳನೀರು ಕುಡಿದು, ಮನವಿ ಪತ್ರವನ್ನು ಮೇಜಿನ ಮೇಲೇ ಮರೆತು, ಜೀಪು ಹತ್ತಿದರು.

ವೆಂಕಟರಂಗಯ್ಯನವರು ಶಲ್ಯದಿಂದ ಕಣ್ಣೊರೆಸಿಕೊಂಡು ಮಹಾಲಿಂಗಯ್ಯನ ಬೆನ್ನು ತಟ್ಟಿದರು. “ಬೇಜಾರ್ ಮಾಡ್ಕೋಬೇಡಿ ಮೇಸ್ತ್ರಿ. ನಿಮ್ ಕೆಲ್ಸ ಬಲು ಗಟ್ಟಿ.”

ಊರಿಗೆ ರೈಲು ತಪ್ಪಿಸಿದವನು ತಾನೇ ಎಂದು ಮಹಾಲಿಂಗಯ್ಯನಿಗೆ ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ. ಮೊಮ್ಮಗಳನ್ನು ನೋಡಲು ಜೊತೆಗೆ ಬಂದಿದ್ದ ಹೆಂಡತಿಯನ್ನು ಸಂಜೆ ತುಮಕೂರಿನ ಬಸ್ಸು ಹತ್ತಿಸಿದ. ಕುಲುಕಾಟ ಕಡಿಮೆಯೆಂದು ಮುಂದಿನ ಸೀಟಿನಲ್ಲಿ ಕೂರಿಸಿದ. ಅವಳು ನಿಂಬೆಹಣ್ಣು ಮೂಸುತ್ತಾ ಕಣ್ಣು ಮುಚ್ಚಿದಳು.

ಕಂಡಕ್ಟರ್ ಓಡಿ ಬಂದ. “ಅಮ್ಮೋ, ಹಿಂದಕ್ಕೆ ಹೋಗಿ. ಅದು ಓನರ್ ಸೀಟು.”

ಹೊಂಬಾಳಮ್ಮ ಎದ್ದಳು, ವೆಂಕಟರಂಗಯ್ಯನವರು ಶಲ್ಯ ಕೊಡವಿಕೊಂಡು ಕೂತರು.